ಜೂಜಿನ ಹೊಣೆ ಯಾರದು?

ಜೂಜೆಂದೊಡನೆ ನಮ್ಮ ಜನರ ನಾಲಗೆಗೆ ಮೊದಲು ಬರುವ ಹೆಸರು ಧರ್ಮರಾಯನದು. ರಾಜ್ಯವನ್ನು ಕಳೆದ, ತಮ್ಮಂದಿರನ್ನು ಕಳೆದ, ತನ್ನನ್ನೇ ಕಳೆದುಕೊಂಡ ಮೇಲೆ ದ್ರೌಪದಿಯನ್ನೂ ಪಣಕ್ಕೆ ಒಡ್ಡಿದ. ಅಷ್ಟೆಲ್ಲ ಆದ ಮೇಲೂ ಎರಡನೆಯ ಸಲ ಕರೆ ಬಂದಾಗ ಎದ್ದು ಹೋಗಿ ಕುಳಿತ. ಹರಿಕಥೆಯಲ್ಲಾಗಲಿ, ತಾಳಮದ್ದಳೆಯಲ್ಲಾಗಲಿ ಸಾಮಾನ್ಯವಾಗಿ ತಪ್ಪಿನ ಭಾರವೆಲ್ಲ ಅವನ ತಲೆಯ ಮೇಲೆಯೇ ಬೀಳುತ್ತದೆ. ಬೀಳಬೇಕಾದುದು ನ್ಯಾಯವೇ. ಆದರೆ ಆ ಆಟಕ್ಕೆಂದೇ ಸಭಾಭವನವನ್ನು ಕಟ್ಟಿಸಿದವನು ಧೃತರಾಷ್ಟ್ರ. ಪಣ ಒಡ್ಡಿದವನು ದುರ್ಯೋಧನ, ಅವನ ಪರವಾಗಿ ದಾಳ ಉರುಳಿಸಿದವನು ಶಕುನಿ. ಭೀಷ್ಮದ್ರೋಣರು ನೋಡುತ್ತ ಕುಳಿತಿದ್ದರು. ಆಡಿದವನ ಹೊಣೆ ಎಷ್ಟು, ಆಡಿಸಿದವನದು ಎಷ್ಟು, ಕಣ್ಣೆದುರು ಕಂಡೂ ಸುಮ್ಮನಿದ್ದ ಸಭೆಯದು ಎಷ್ಟು ಎಂಬ ಲೆಕ್ಕವನ್ನು ನಾವು ಇಂದಿಗೂ ಸರಿಯಾಗಿ ಹಾಕಿಲ್ಲವೆಂದು ನನಗೆ ತೋರುತ್ತದೆ.

ಈ ಮಾತು ನನಗೆ ಹೊಳೆದದ್ದು ಪುರಾಣದಿಂದಲ್ಲ, ಕ್ರಿಕೆಟ್ ಪಂದ್ಯಗಳ ನಡುವೆ ಬರುತ್ತಿದ್ದ ಜಾಹೀರಾತುಗಳಿಂದ. ಹಣ ಕಟ್ಟಿ ಆಡುವ ಮೊಬೈಲ್ ಆಟಗಳ ಜಾಹೀರಾತುಗಳು 2025ರವರೆಗೂ ಹೇರಳವಾಗಿ ಬರುತ್ತಿದ್ದುದು ವಾಚಕರಿಗೆ ನೆನಪಿರಬಹುದು. ದೊಡ್ಡ ದೊಡ್ಡ ಆಟಗಾರರು ನಗುನಗುತ್ತ ನಮ್ಮನ್ನು ಕರೆಯುವರು. ಕೊನೆಗೆ ಒಂದು ಕಂಠ, ರೈಲು ತಪ್ಪಿಹೋಗುವ ಅವಸರದಲ್ಲಿದ್ದವರಂತೆ, ಈ ಆಟದಲ್ಲಿ ಹಣದ ಅಪಾಯವಿದೆ, ಇದು ಚಟವಾಗಬಹುದು, ಜವಾಬ್ದಾರಿಯಿಂದ ನಿಮ್ಮದೇ ಹೊಣೆಯ ಮೇಲೆ ಆಡಿ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು. ಹೀಗೆ ಎಚ್ಚರಿಸಬೇಕೆಂದು ಜಾಹೀರಾತುದಾರರ ಮಂಡಲಿಯು 2020ರಲ್ಲಿ ನಿಯಮ ಮಾಡಿತ್ತು. ಎಚ್ಚರಿಕೆಯೇನೋ ಒಳ್ಳೆಯದೇ. ಆದರೆ ಕರೆದವನ ಹೊಣೆ ಅಲ್ಲಿ ಎಲ್ಲಿಯೂ ಇಲ್ಲ, ಇರುವುದೆಲ್ಲ ಹೋದವನದೇ. ‘ಹೊಣೆಯರಿತ ಜೂಜು’ ಎಂಬ ಮಾತಿಗೆ ನಿಜವಾದ ಅರ್ಥ ಬರಬೇಕಾದರೆ ಸರ್ಕಾರ ಮಾಡಬೇಕಾದುದೇನು, ಶಾಲೆ ಕಾಲೇಜುಗಳು ಮಾಡಬೇಕಾದುದೇನು ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ನಮ್ಮ ದೇಶದಲ್ಲಿ ಈ ವಿಷಯವಾಗಿ ಎರಡು ಮತಗಳು ಬಹಳ ಹಿಂದಿನಿಂದಲೂ ಇವೆ. ಮನುಸ್ಮೃತಿಯ ಮತ ಒಂದು: ಅರಸನು ಜೂಜನ್ನು ತನ್ನ ರಾಜ್ಯದಿಂದಲೇ ಹೊರಗಟ್ಟಬೇಕು. ಕೌಟಿಲ್ಯನದು ಇನ್ನೊಂದು. ಅವನ ಅರ್ಥಶಾಸ್ತ್ರದ ಹಸ್ತಪ್ರತಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾಯಿತೆಂಬುದು ನಮ್ಮ ನಾಡಿಗೆ ಹೆಮ್ಮೆಯ ಸಂಗತಿ. ಅದರಲ್ಲಿ ಜೂಜಿಗೊಬ್ಬ ಅಧ್ಯಕ್ಷನೇ ಉಂಟು. ಆಟ ಒಂದೇ ಗೊತ್ತಾದ ಸ್ಥಳದಲ್ಲಿ ನಡೆಯಬೇಕು. ಬೇರೆಡೆ ಆಡಿದವನಿಗೆ 12 ಪಣ ದಂಡ. ದಾಳಗಳನ್ನು ಅಧ್ಯಕ್ಷನೇ ಬಾಡಿಗೆಗೆ ಕೊಡಬೇಕು; ಬದಲಾಯಿಸಿದವನಿಗೆ ದಂಡ. ಗೆದ್ದ ಹಣದಲ್ಲಿ ನೂರಕ್ಕೆ ಐದು ಅರಸನ ಬೊಕ್ಕಸಕ್ಕೆ. ಮೋಸದ ದಾಳವನ್ನು ತಡೆಯುವ ಮಟ್ಟಿಗೆ ಇದು ಇಂದಿನ ಕಾಯಿದೆಗಳಿಗಿಂತ ಹಿಂದೆ ಬಿದ್ದದ್ದಲ್ಲ. ಆದರೆ ಆ ನೂರಕ್ಕೆ ಐದು ಇದೆಯಲ್ಲ, ತೊಡಕು ಇರುವುದು ಅಲ್ಲಿ. ಆಟ ಹೆಚ್ಚಿದಷ್ಟೂ ಬೊಕ್ಕಸ ತುಂಬುವುದಾದರೆ, ಆಟ ಕಡಮೆಯಾಗಲೆಂದು ಅಧ್ಯಕ್ಷನು ಮನಸಾರೆ ಬಯಸುವುದು ಹೇಗೆ? ಈ ಪ್ರಶ್ನೆಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕೆಂದು ಕೋರುತ್ತೇನೆ.

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸಂವಿಧಾನವು ಜೂಜು ಮತ್ತು ಬಾಜಿಗಳನ್ನು ರಾಜ್ಯಗಳ ಪಟ್ಟಿಯ 34ನೆಯ ವಿಷಯವನ್ನಾಗಿಯೂ, ಅವುಗಳ ಮೇಲಿನ ತೆರಿಗೆಯನ್ನು ಅದೇ ಪಟ್ಟಿಯ 62ನೆಯ ವಿಷಯವನ್ನಾಗಿಯೂ ಇಟ್ಟಿತು. ಸರ್ಕಾರಗಳು ನಡೆಸುವ ಲಾಟರಿ ಮಾತ್ರ ಕೇಂದ್ರದ ಪಟ್ಟಿಯಲ್ಲಿ 40ನೆಯದಾಗಿ ನಿಂತಿತು. ಈ ಅಧಿಕಾರದ ಎಲ್ಲೆ ಎಲ್ಲಿಯವರೆಗೆ ಎಂಬುದನ್ನು ತೀರ್ಮಾನಿಸಿದ ಮೊಕದ್ದಮೆಗೆ ಬೆಂಗಳೂರಿನ ನಂಟು ಇದೆಯೆಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಆಗ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯಲ್ಲಿ ಚಮರ್‌ಬಾಗ್‌ವಾಲಾ ಎಂಬವರ ಸಂಸ್ಥೆಯ ಪದಬಂಧ ಸ್ಪರ್ಧೆ ಬರುತ್ತಿತ್ತು. ಶುಲ್ಕ ಕಟ್ಟಿ ಉತ್ತರ ಕಳಿಸುವುದು, ಸಂಘಟಕರು ಮೊದಲೇ ಮುಚ್ಚಿಟ್ಟ ಉತ್ತರಕ್ಕೆ ಅದು ಹೊಂದಿದರೆ ಬಹುಮಾನ. ಪತ್ರಿಕೆ ನಮ್ಮಲ್ಲಿ ಹುಟ್ಟಿದರೂ ಓದುಗರು ಮುಂಬಯಿ ರಾಜ್ಯದಲ್ಲಿ ಬಹಳ ಮಂದಿ. ಮುಂಬಯಿ ಸರ್ಕಾರವು 1952ರಲ್ಲಿ ತನ್ನ ಕಾಯಿದೆಯನ್ನು ತಿದ್ದಿ, ಹೊರಗೆ ಅಚ್ಚಾದ ಪತ್ರಿಕೆಗಳ ಸ್ಪರ್ಧೆಗೂ ಪರವಾನಗಿ ಮತ್ತು ತೆರಿಗೆ ಹಾಕಿತು. ಇದು ನಮ್ಮ ವ್ಯಾಪಾರ ಸ್ವಾತಂತ್ರ್ಯಕ್ಕೆ ಅಡ್ಡಿಯೆಂದು ಸಂಸ್ಥೆಯವರು ವಾದಿಸಿದರು. ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ಋಗ್ವೇದದ ಜೂಜುಗಾರನ ಸೂಕ್ತವನ್ನೂ ಮಹಾಭಾರತವನ್ನೂ ನೆನೆದು, ಜೂಜು ವ್ಯಾಪಾರವೇ ಅಲ್ಲ, ಆದಕಾರಣ ವ್ಯಾಪಾರಕ್ಕೆ ಸಂವಿಧಾನ ಕೊಟ್ಟ ರಕ್ಷಣೆ ಅದಕ್ಕಿಲ್ಲ ಎಂದು ತೀರ್ಪು ಕೊಟ್ಟಿತು.

ಅದೇ ಕಾಲದ ಇನ್ನೊಂದು ಶಾಸನವನ್ನು ಇಂದು ಬಹಳ ಮಂದಿ ಮರೆತಿದ್ದಾರೆ. 1955ರ ಬಹುಮಾನ ಸ್ಪರ್ಧೆಗಳ ಕಾಯಿದೆಯು ಇಂಥ ಸ್ಪರ್ಧೆಯನ್ನು ಪೂರ್ತಿ ನಿಷೇಧಿಸಲಿಲ್ಲ. ಒಂದು ತಿಂಗಳಲ್ಲಿ ಕೊಡುವ ಬಹುಮಾನ ಒಟ್ಟು 1000 ರೂಪಾಯಿ ಮೀರಬಾರದು, ಒಂದು ಸ್ಪರ್ಧೆಗೆ 2000ಕ್ಕಿಂತ ಹೆಚ್ಚು ಉತ್ತರಗಳು ಬರಕೂಡದು ಎಂದಷ್ಟೇ ಹೇಳಿತು. ಸರಳವಾದ ಮಾತು. ಆಸೆಯ ಗಾತ್ರವನ್ನೇ ಕುಗ್ಗಿಸಿದ್ದರಿಂದ ಲಕ್ಷ ಲಕ್ಷ ಜನರನ್ನು ಎಳೆಯುವ ದಾರಿ ಮುಚ್ಚಿತು. ಪದಬಂಧ ಬಿಡಿಸುವ ವಿನೋದ ಮಾತ್ರ ಉಳಿಯಿತು. ಆಟದ ಮೇಲಲ್ಲ, ಆಟದ ಅಳತೆಯ ಮೇಲೆ ಕೈಯಿಟ್ಟ ಈ ಜಾಣ್ಮೆಯನ್ನು ನಮ್ಮ ಮುಂದಿನ ಶಾಸನಕಾರರು ಏಕೆ ಕೈಬಿಟ್ಟರೋ ತಿಳಿಯದು.

ಏಕೆಂದರೆ ಆಮೇಲಿನ ಚರ್ಚೆಯೆಲ್ಲ ಬೇರೊಂದು ದಾರಿ ಹಿಡಿಯಿತು. ಆಟ ಚಾತುರ್ಯದ್ದೋ ಅದೃಷ್ಟದ್ದೋ ಎಂಬುದೇ ದೊಡ್ಡ ಪ್ರಶ್ನೆಯಾಯಿತು. ರಮ್ಮಿ ಮುಖ್ಯವಾಗಿ ಚಾತುರ್ಯದ ಆಟ, ಎಲೆಗಳನ್ನು ನೆನಪಿಟ್ಟು ಇಡುವುದಕ್ಕೂ ಬಿಡುವುದಕ್ಕೂ ಜಾಣತನ ಬೇಕು, ಅದು ಮೂರೆಲೆಯ ಆಟದಂತಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1967ರಲ್ಲಿ ಹೇಳಿತು. ಕುದುರೆ ಪಂದ್ಯವೂ ಚಾತುರ್ಯದ್ದೇ ಎಂದು 1996ರಲ್ಲಿ ಮದರಾಸಿನ ಮೊಕದ್ದಮೆಯಲ್ಲಿ ತೀರ್ಮಾನವಾಯಿತು. ನಮ್ಮ 1963ರ ಪೊಲೀಸ್ ಕಾಯಿದೆಯೂ ಅಂದರ್ ಬಾಹರ್ ಆಡುವವರನ್ನು ಹಿಡಿಯುತ್ತದೆ, ಕೇವಲ ಚಾತುರ್ಯದ ಆಟಗಳನ್ನು ಬಿಟ್ಟುಬಿಡುತ್ತದೆ. ನ್ಯಾಯಶಾಸ್ತ್ರದ ದೃಷ್ಟಿಯಿಂದ ಈ ಭೇದ ಸರಿಯೇ ಇರಬಹುದು. ನಾನು ಕಾನೂನಿನ ವಿದ್ಯಾರ್ಥಿಯಲ್ಲ. ಆದರೆ ಮನೆಯ ದೃಷ್ಟಿಯಿಂದ ನೋಡಿದರೆ, ಸಂಬಳದ ಹಣ ಚಾತುರ್ಯದಲ್ಲಿ ಹೋದರೇನು, ಅದೃಷ್ಟದಲ್ಲಿ ಹೋದರೇನು, ಅಕ್ಕಿಯ ಡಬ್ಬ ಬರಿದಾಗುವುದು ಒಂದೇ ಬಗೆ. ಅಷ್ಟೇ ಅಲ್ಲ, ಚಾತುರ್ಯದ ಆಟದಲ್ಲಿ ಚತುರನು ಗೆಲ್ಲಬೇಕಾದರೆ ಚಾತುರ್ಯವಿಲ್ಲದವನೊಬ್ಬ ಸೋಲಲೇಬೇಕು. ಮೇಜು ಹಾಕಿದವನು ಪ್ರತಿ ಆಟದಲ್ಲಿಯೂ ತನ್ನ ಪಾಲು ಮುರಿದುಕೊಳ್ಳುವುದರಿಂದ ಚತುರರ ಗೆಲುವಿನ ಮೊತ್ತ ಪೆದ್ದರ ಸೋಲಿನ ಮೊತ್ತಕ್ಕಿಂತ ಯಾವಾಗಲೂ ಕಡಮೆ. ಹೊಸದಾಗಿ ಕಲಿತ ಹುಡುಗನಿಗೆ ‘ಇದು ಜೂಜಲ್ಲ, ಚಾತುರ್ಯ’ ಎಂದು ಹೇಳುವುದು ಅವನನ್ನು ಎಚ್ಚರಿಸಿದಂತಾಗುವುದಿಲ್ಲ, ಉಬ್ಬಿಸಿದಂತಾಗುತ್ತದೆ.

ಇನ್ನು ಶುದ್ಧ ಅದೃಷ್ಟದ ಆಟಗಳ ಮಾತು. ಕೇರಳ ಸರ್ಕಾರ 1967ರಲ್ಲಿ ಲಾಟರಿ ತೆಗೆದಾಗ ಚೀಟಿಗೆ 1 ರೂಪಾಯಿ, ಮೊದಲ ಬಹುಮಾನ 50,000. ನಮ್ಮ ರಾಜ್ಯವೂ ಬಹುಕಾಲ ಲಾಟರಿ ನಡೆಸಿ 2007ರಲ್ಲಿ ನಿಲ್ಲಿಸಿತು. ಆದರೆ ಸರ್ಕಾರದ ಚೀಟಿಯ ಜೊತೆಗೇ ಇನ್ನೊಂದು ಚೀಟಿ ಹಳ್ಳಿಹಳ್ಳಿಗೂ ನುಗ್ಗಿತ್ತು. ನಮ್ಮ ಕಡೆ ಅದಕ್ಕೆ ‘ಓಸಿ’ ಎನ್ನುತ್ತಾರೆ, ಪೊಲೀಸರ ದಾಖಲೆಯಲ್ಲಿ ಮಟ್ಕಾ. ನ್ಯೂಯಾರ್ಕಿನಿಂದ ಮುಂಬಯಿಗೆ ತಂತಿಯಲ್ಲಿ ಬರುತ್ತಿದ್ದ ಹತ್ತಿಯ ಆರಂಭದ ದರ, ಮುಕ್ತಾಯದ ದರಗಳ ಮೇಲೆ ಬಾಜಿ ಕಟ್ಟುವುದರಿಂದ ಇದು ಹುಟ್ಟಿತು. ‘ಓಪನ್’, ‘ಕ್ಲೋಸ್’ ಎಂಬ ಆ ಎರಡು ಮಾತುಗಳ ಮೊದಲಕ್ಷರಗಳೇ ಓ ಮತ್ತು ಸಿ. 1960ರ ದಶಕದ ಮೊದಲಲ್ಲಿ ಹತ್ತಿಯ ದರ ಬರುವುದು ನಿಂತುಹೋದಾಗ ಕಲ್ಯಾಣ್‌ಜಿ ಭಗತ್, ರತನ್ ಖತ್ರಿ ಎಂಬವರು ಮುಂಬಯಿಯಲ್ಲಿ ಗಡಿಗೆಯಿಂದ ಚೀಟಿ ಎತ್ತುವ, ಮುಂದೆ ಇಸ್ಪೀಟೆಲೆ ತೆಗೆಯುವ ಪದ್ಧತಿಯಿಂದ ಅದನ್ನು ಮುಂದುವರಿಸಿದರು. ಹತ್ತಿ ಹೋಯಿತು, ಜೂಜು ಉಳಿಯಿತು!

ನಮ್ಮೂರಿನಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಕಡಮೆ. ನಮ್ಮ ಮನೆಯಲ್ಲಿಯಂತೂ ನಾನೇ ಮೊದಲನೆಯವನು. ಹಾಗಾಗಿ ರಜೆಗೆ ಹೋದಾಗ ಪಹಣಿ ಓದುವುದರಿಂದ ಹಿಡಿದು ಔಷಧದ ಶೀಸೆಯ ಮೇಲಿನ ಬರಹದವರೆಗೆ ಎಲ್ಲದಕ್ಕೂ ನನಗೆ ಕರೆ ಬರುತ್ತದೆ. ಹೋದ ಬೇಸಿಗೆಯಲ್ಲಿ ಹೋಟೆಲಿನ ಬೆಂಚಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರು, “ಏನಪ್ಪಾ, ರಾತ್ರಿ ಕನಸಿನಾಗೆ ಹಾವು ಎಡದಿಂದ ಬಲಕ್ಕೆ ಹೋಯ್ತು. ನೀನು ಓದಿದೋನು, ಯಾವ ನಂಬರು ಹತ್ತುತ್ತೆ ಲೆಕ್ಕ ಹಾಕಿ ಹೇಳು” ಎಂದರು. ನಗಬಾರದೆಂದು ತಡೆದುಕೊಂಡು, ಹೋಟೆಲಿನ ಅಮ್ಮನವರಿಂದ ನೂರು ಹುಣಸೆಬೀಜ ಕೇಳಿ ತಂದೆ. “ದೊಡ್ಡಪ್ಪ, ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ನಂಬರು. ಒಂದೊಂದರ ಮೇಲೂ ಒಂದೊಂದು ರೂಪಾಯಿ ನೀವೇ ಬರೆಸಿದಿರಿ ಎನ್ನಿ. ಕೊಟ್ಟದ್ದು ನೂರು. ಯಾವ ನಂಬರು ಬಂದರೂ ನಿಮ್ಮದೇ ಹತ್ತಬೇಕು, ಅಲ್ಲವೆ? ಹತ್ತಿದರೆ ಅವನು ಕೊಡುವುದೆಷ್ಟು?” ಎಂದು ಕೇಳಿದೆ. “ಒಂದಕ್ಕೆ ಎಂಬತ್ತು” ಎಂದರು. ನೂರು ಬೀಜದಲ್ಲಿ ಇಪ್ಪತ್ತನ್ನು ತೆಗೆದು ಆಚೆ ಇಟ್ಟೆ. ಅವರು ಆ ಇಪ್ಪತ್ತು ಬೀಜಗಳನ್ನೇ ಬಹಳ ಹೊತ್ತು ನೋಡಿ, “ಹಂಗಾದ್ರೆ ಬರೆಯೋನು ಕನಸೇ ಕಾಣಬೇಕಾಗಿಲ್ಲ ಅನ್ನು” ಎಂದರು.

ಇಷ್ಟು ಚೆನ್ನಾಗಿ ಅದನ್ನು ನನಗೆ ಹೇಳಲು ಬರುತ್ತಿರಲಿಲ್ಲ. ಎಲ್ಲ ಜೂಜಿನ ಮರ್ಮವೂ ಆ ಮಾತಿನಲ್ಲಿದೆ. ಒಂದು ಸುತ್ತಿಗೆ 100ರಲ್ಲಿ 80 ಉಳಿದರೆ, ಉಳಿದದ್ದನ್ನೇ ಮತ್ತೆ ಹಾಕಿದಾಗ 64. ಮತ್ತೆ ಹಾಕಿದಾಗ 51. ಜನರ ಗುಂಪನ್ನು ಒಟ್ಟಾಗಿ ತೆಗೆದುಕೊಂಡು ಸರಾಸರಿ ಹೇಳುವುದಾದರೆ, ಹತ್ತು ಸುತ್ತು ಮುಗಿಯುವುದರೊಳಗೆ ಆ ನೂರು ರೂಪಾಯಿ 11ಕ್ಕಿಂತಲೂ ಕೆಳಗಿಳಿದಿರುತ್ತದೆ. ‘ನೂರು ದಿನ ಆಡಿದರೆ ಒಂದು ದಿನವಾದರೂ ಹತ್ತೀತು’ ಎಂದು ಲೆಕ್ಕ ಹಾಕುವವರುಂಟು. ದಿನಕ್ಕೊಂದು ನಂಬರಿನಂತೆ ನೂರು ದಿನ ಆಡಿದವರಲ್ಲಿ ನೂರಕ್ಕೆ ಸುಮಾರು 37 ಮಂದಿಗೆ ಒಮ್ಮೆಯೂ ಹತ್ತುವುದಿಲ್ಲ. ಬಹಳ ದಿನದಿಂದ ಬಾರದ ಅಂಕಿ ಇನ್ನು ಬಂದೇ ಬರಬೇಕೆಂಬುದು ಇನ್ನೊಂದು ಭ್ರಮೆ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋದ ಜೂಜುಕಟ್ಟೆಯಲ್ಲಿ ತಿರುಗುಚಕ್ರದ ಗುಂಡು ಒಂದೇ ಸಮನೆ 26 ಸಲ ಕಪ್ಪು ಮನೆಯಲ್ಲೇ ಬಿತ್ತು. ಇನ್ನು ಕೆಂಪು ತಪ್ಪದೆಂದು ಸುತ್ತುಸುತ್ತಿಗೂ ಹಣ ಸುರಿದ ಜನ ದಿವಾಳಿಯಾದರು. ಗುಂಡಿಗೆ ಹಿಂದಿನದರ ನೆನಪಿಲ್ಲ.

ಆ ಹಿರಿಯರು ಅಂದಿನಿಂದ ಓಸಿ ಬಿಟ್ಟರೆಂದು ಬರೆದರೆ ಸುಳ್ಳಾಗುತ್ತದೆ. ದಿನವೂ ಇಪ್ಪತ್ತು ರೂಪಾಯಿ ಬರೆಸುತ್ತಿದ್ದವರು ಈಗ ಸಂತೆಯ ದಿನ ಮಾತ್ರ ಐದು ಬರೆಸುತ್ತಾರೆ. ಕೇಳಿದರೆ “ಬೀಡಿಗೆ ಹೋಗಲ್ವಾ, ಹಂಗೆ” ಎನ್ನುತ್ತಾರೆ. ಓಸಿ ಕಾನೂನಿಗೆ ವಿರುದ್ಧ; ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಇಷ್ಟು ಕಳೆಯಬಲ್ಲೆ, ಇದಕ್ಕಿಂತ ಕಳೆಯಲಾರೆ ಎಂದು ಮೊದಲೇ ಗೊತ್ತುಮಾಡಿಕೊಂಡು ಆಡುವುದನ್ನೇ ತಜ್ಞರು ಹೊಣೆಯರಿತ ಆಟವೆನ್ನುವುದಾದರೆ, ಅಕ್ಷರ ಬಾರದ ಆ ಮನುಷ್ಯ ಅದನ್ನು ಕಲಿತರು.

ಇದರಿಂದ ತಿಳಿವಳಿಕೆಯೊಂದಿದ್ದರೆ ಸಾಕು, ಕಾಯಿದೆ ಬೇಡ ಎಂದು ಯಾರಾದರೂ ಹೇಳಿಯಾರು. ನಾನೂ ಹಾಗೆಯೇ ಹೇಳುತ್ತಿದ್ದೆನೇನೋ, ನಮ್ಮ ವಿದ್ಯಾರ್ಥಿನಿಲಯದ ಗೆಳೆಯನ ಸಂಗತಿ ಕಣ್ಣೆದುರು ಇಲ್ಲದೆ ಇದ್ದಿದ್ದರೆ. ನಾವು ಮೊದಲನೆಯ ವರ್ಷದಲ್ಲಿದ್ದಾಗ ಅವನು ತನ್ನ ವಿದ್ಯಾರ್ಥಿವೇತನದ ಹಣವನ್ನು ಮೊಬೈಲಿನ ಆಟವೊಂದರಲ್ಲಿ ಎರಡು ರಾತ್ರಿಗಳಲ್ಲಿ ಕಳೆದುಕೊಂಡ. ಆಮೇಲೆ ಅದನ್ನು ಹಿಂದಕ್ಕೆ ಗಳಿಸಲೆಂದು ಕೈಸಾಲ ಮಾಡಿ ಅದನ್ನೂ ಕಳೆದ. ಪರೀಕ್ಷೆಯ ಶುಲ್ಕ ಹೆಚ್ಚಾಗಿದೆಯೆಂದು ಊರಿಗೆ ಹೇಳಿದ್ದರಿಂದ ಗಾರೆ ಕೆಲಸ ಮಾಡುವ ಅವನ ತಂದೆ ಭಾನುವಾರವೂ ಕೂಲಿಗೆ ಹೋಗಿ ಹಣ ಕಳಿಸಿದರು. ಗಮನಿಸಬೇಕಾದ ಮಾತೆಂದರೆ, ಅವನು ಅರ್ಥಶಾಸ್ತ್ರದ ಜೊತೆಗೆ ಸಂಖ್ಯಾಶಾಸ್ತ್ರವನ್ನು ತೆಗೆದುಕೊಂಡ ಹುಡುಗ. ಹುಣಸೆಬೀಜದ ಲೆಕ್ಕವನ್ನು ಅವನು ನನಗಿಂತ ಚೆನ್ನಾಗಿ ಬಿಡಿಸಬಲ್ಲ.

ಹಾಗಾದರೆ ಲೆಕ್ಕ ತಿಳಿದವನು ಏಕೆ ಮುಳುಗಿದ, ಲೆಕ್ಕ ತಿಳಿಯದವರು ಏಕೆ ಪಾರಾದರು? ನನಗೆ ಹೊಳೆಯುವ ಉತ್ತರ ಆಟದ ವೇಗದಲ್ಲಿದೆ. ಓಸಿಯಲ್ಲಿ ಚೀಟಿ ಬರೆಸಿದ ಮೇಲೆ ಅಂಕಿ ಬರುವವರೆಗೆ ಕಾಯಬೇಕು. ಕಾಯುವಾಗ ಹೊಲಕ್ಕೆ ಹೋಗುತ್ತಾರೆ, ದನ ಕಟ್ಟುತ್ತಾರೆ, ಹೆಂಡತಿಯ ಮುಖ ನೋಡುತ್ತಾರೆ. ಬುದ್ಧಿ ಹೇಳಿದ ಮಾತು ಮನಸ್ಸಿಗೆ ಇಳಿಯಲು ಅಷ್ಟು ಹೊತ್ತು ಸಿಗುತ್ತದೆ. ಮೊಬೈಲಿನಲ್ಲಿ ಆಟ ಮುಗಿಯುವುದು ನಿಮಿಷದಲ್ಲಿ, ಮುಗಿದೊಡನೆ ಇನ್ನೊಂದು ಸಿದ್ಧ, ಹಣ ಕೈಯಿಂದ ಹೋದಂತೆಯೂ ಕಾಣದು. ಸುತ್ತಿಗೆ ಇಷ್ಟರಂತೆ ಕಳೆಯುವ ಲೆಕ್ಕದಲ್ಲಿ ಸುತ್ತುಗಳು ಹೆಚ್ಚಿದಷ್ಟೂ ನಾಶ ಬೇಗ. ಜೊತೆಗೆ, ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಪ್ರಾಣಿಪಕ್ಷಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದಂತೆ, ಪ್ರತಿ ಸಲವೂ ಸಿಗುವ ಕಾಳಿಗಿಂತ ಯಾವಾಗ ಸಿಕ್ಕೀತೆಂದು ಹೇಳಲಾಗದ ಕಾಳು ಅವುಗಳನ್ನು ಬಿಡದೆ ಕುಕ್ಕುವಂತೆ ಮಾಡುತ್ತದೆ. ಒಂದೇ ಅಂಕಿಯಲ್ಲಿ ತಪ್ಪಿಹೋದ ಸೋಲು ಕೂಡ ಮನಸ್ಸಿಗೆ ಅರ್ಧ ಗೆಲುವಿನಂತೆ ತೋರಿ ಮತ್ತೆ ಎಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ಪಟ್ಟಿಯಲ್ಲಿ ಜೂಜಿನ ಚಟವನ್ನು ಕುಡಿತ ಮೊದಲಾದವುಗಳ ಸಾಲಿಗೇ ಸೇರಿಸಿರುವುದು ಸುಮ್ಮನೆ ಅಲ್ಲ.

ಆದ್ದರಿಂದ ಕಾಯಿದೆಯ ಕೆಲಸ ಆಟಗಾರನಿಗೆ ಯೋಚಿಸಲು ಹೊತ್ತು ಮಾಡಿಕೊಡುವುದು. ಶಿಕ್ಷಣದ ಕೆಲಸ ಆ ಹೊತ್ತಿನಲ್ಲಿ ಯೋಚಿಸಲು ವಿಷಯ ಕೊಡುವುದು. ಒಂದಿಲ್ಲದೆ ಇನ್ನೊಂದು ಸಾಗದು. ಈ ದೃಷ್ಟಿಯಿಂದ ಹೊರದೇಶದ ಕೆಲವು ಏರ್ಪಾಡುಗಳನ್ನು ನೋಡಬಹುದು. ಸಿಂಗಪುರದಲ್ಲಿ 2010ರಲ್ಲಿ ಎರಡು ಜೂಜುಕಟ್ಟೆಗಳು ತೆರೆದಾಗ, ಹೊರಗಿನ ಪ್ರವಾಸಿಗಳಿಗೆ ಇಲ್ಲದ ಪ್ರವೇಶ ಶುಲ್ಕವನ್ನು ಆ ದೇಶದ ಪ್ರಜೆಗಳಿಗೆ ಹಾಕಿದರು: ದಿನಕ್ಕೆ 100 ಡಾಲರು, 2019ರಿಂದ 150. ಒಳಗೆ ಹೋಗುವ ಮೊದಲೇ ಇಷ್ಟು ಕಳೆಯಬೇಕೆಂದರೆ ಬಾಗಿಲಲ್ಲೇ ಕಾಲು ನಿಲ್ಲುತ್ತದೆ. ಅದಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ಅಲ್ಲಿನ ಬಹಿಷ್ಕಾರದ ನಿಯಮ. ಆಟಗಾರ ತಾನಾಗಿಯೇ ‘ನನ್ನನ್ನು ಒಳಗೆ ಬಿಡಬೇಡಿ’ ಎಂದು ಬರೆದುಕೊಡಬಹುದು; ಅವನ ಮನೆಯವರೂ ಅರ್ಜಿ ಕೊಟ್ಟು ಅವನನ್ನು ತಡೆಸಬಹುದು; ದಿವಾಳಿಯಾದವರನ್ನೂ ಸರ್ಕಾರದ ಸಹಾಯಧನದಲ್ಲಿ ಬದುಕುವವರನ್ನೂ ಯಾರೂ ಕೇಳದೆಯೇ ತಡೆಯುತ್ತಾರೆ. ದ್ರೌಪದಿಗೆ ಸಭೆಯಲ್ಲಿ ಪ್ರಶ್ನೆ ಕೇಳುವ ಅವಕಾಶವೇನೋ ಸಿಕ್ಕಿತು, ಎಲ್ಲ ಮುಗಿದ ಮೇಲೆ. ಇಲ್ಲಿ ಹೆಂಡತಿಗೆ ಅದು ಆಟಕ್ಕೆ ಮುಂಚೆಯೇ ಸಿಗುತ್ತದೆ.

ಇಂಗ್ಲೆಂಡಿನಲ್ಲಿ ಬಾಜಿ ಅಂಗಡಿಗಳಲ್ಲಿದ್ದ ಒಂದು ಬಗೆಯ ಯಂತ್ರದಲ್ಲಿ ಒಂದು ಸುತ್ತಿಗೆ 100 ಪೌಂಡಿನವರೆಗೆ ಕಟ್ಟಬಹುದಾಗಿತ್ತು. 2019ರ ಏಪ್ರಿಲಿನಿಂದ ಅದನ್ನು ಒಂದೇ ಏಟಿಗೆ 2 ಪೌಂಡಿಗೆ ಇಳಿಸಿದರು. ಮರುವರ್ಷ ಕ್ರೆಡಿಟ್ ಕಾರ್ಡಿನಿಂದ, ಎಂದರೆ ಸಾಲದ ಹಣದಿಂದ, ಜೂಜಾಡುವುದನ್ನು ನಿಷೇಧಿಸಿದರು. ನಾರ್ವೆ ಇನ್ನೂ ಬಿಗಿ. ಅಲ್ಲಿ 2007ರಲ್ಲಿ ಖಾಸಗಿಯವರ ನಾಣ್ಯದ ಯಂತ್ರಗಳನ್ನೆಲ್ಲ ಎತ್ತಿಸಿ, ಎರಡು ವರ್ಷದ ಮೇಲೆ ಸರ್ಕಾರಿ ಸಂಸ್ಥೆಯ ಬೇರೆ ಯಂತ್ರಗಳನ್ನಿಟ್ಟರು. ಅವುಗಳಲ್ಲಿ ಆಡಲು ಹೆಸರಿನ ಚೀಟಿ ಬೇಕು. ಇಷ್ಟು ಕಳೆದ ಮೇಲೆ ಯಂತ್ರವೇ ಆಟ ನಿಲ್ಲಿಸುತ್ತದೆ. ಇವೆಲ್ಲದರ ಹಿಂದಿರುವ ತತ್ವ ನಮ್ಮ 1955ರ ಪದಬಂಧದ ಕಾಯಿದೆಯದೇ ಅಲ್ಲವೆ?

ನಮ್ಮಲ್ಲಿ ಇತ್ತೀಚೆಗೆ ಆದದ್ದೇನೆಂದರೆ, ಒಮ್ಮೆ ಬಾಗಿಲು ಪೂರ್ತಿ ತೆರೆಯುವುದು, ಇನ್ನೊಮ್ಮೆ ಪೂರ್ತಿ ಮುಚ್ಚುವುದು. ಕರ್ನಾಟಕ ಸರ್ಕಾರ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಚಾತುರ್ಯದ ಆಟಗಳನ್ನು ಹೀಗೆ ನಿಷೇಧಿಸಲಾಗದೆಂದು ಉಚ್ಚ ನ್ಯಾಯಾಲಯ 2022ರ ಫೆಬ್ರುವರಿ 14ರಂದು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಮುಂದೆ 2023ರ ಅಕ್ಟೋಬರಿನಿಂದ ಇಂಥ ಆಟಗಳಿಗೆ ಕಟ್ಟುವ ಪೂರ್ತಿ ಹಣದ ಮೇಲೆ ನೂರಕ್ಕೆ 28 ತೆರಿಗೆ ಬಿತ್ತು. ಕೌಟಿಲ್ಯನ ನೂರಕ್ಕೆ ಐದು ಇಲ್ಲಿ ನೆನಪಾಗದೆ ಇರದು. ಅವನು ಮುರಿದದ್ದಾದರೂ ಗೆದ್ದವನ ಹಣದಲ್ಲಿ. ಅದಾಗಿ ಎರಡು ವರ್ಷ ತುಂಬುವುದರೊಳಗೆ, 2025ರ ಆಗಸ್ಟಿನಲ್ಲಿ, ಸಂಸತ್ತು ಚಾತುರ್ಯ ಅದೃಷ್ಟಗಳ ಭೇದವನ್ನೇ ಬದಿಗಿಟ್ಟು ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ನಡೆಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿಯವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷ, 50 ಲಕ್ಷ. ಆಡಿದವನಿಗೆ ಶಿಕ್ಷೆಯಿಲ್ಲ. ದೊಡ್ಡ ಕಂಪನಿಗಳು ಆ ಆಟಗಳನ್ನು ಕೂಡಲೇ ನಿಲ್ಲಿಸಿದವು. ಕೆಲವರು ಕಾಯಿದೆಯನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು.

ಆಡಿಸಿದವನ ಮೇಲೆ ಹೊಣೆ ಹೊರಿಸಿ ಆಡಿದವನನ್ನು ಬಿಟ್ಟದ್ದು ಈ ಕಾಯಿದೆಯ ದೊಡ್ಡ ಗುಣವೆಂದು ನನ್ನ ಅಭಿಪ್ರಾಯ. ಶಿಕ್ಷೆಯ ಹೆದರಿಕೆಯಿದ್ದರೆ ಸೋತವನು ಯಾರ ಬಳಿಯೂ ಬಾಯಿ ಬಿಡುವುದಿಲ್ಲ. ಆದರೆ ನಿಷೇಧದಿಂದಲೇ ಎಲ್ಲ ಮುಗಿಯಿತೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಹತ್ತಿಯ ದರ ನಿಂತರೂ ಓಸಿ ನಿಲ್ಲದ ದೇಶ ನಮ್ಮದು. ಕದ್ದು ನಡೆಯುವ ಆಟಕ್ಕೆ ಮಿತಿಯ ನಿಯಮವೂ ಇಲ್ಲ, ಮನೆಯವರು ಅರ್ಜಿ ಕೊಡಲು ಕಚೇರಿಯೂ ಇಲ್ಲ. ಅಲ್ಲಿ ಉಳಿಯುವ ರಕ್ಷಣೆ ತಿಳಿವಳಿಕೆಯೊಂದೇ.

ಆ ತಿಳಿವಳಿಕೆಯನ್ನು ನಾವು ಹೇಗೆ ಕೊಡುತ್ತಿದ್ದೇವೆ? ಹತ್ತನೆಯ ತರಗತಿಯ ಗಣಿತದಲ್ಲಿ ಸಂಭವನೀಯತೆಯ ಪಾಠವಿದೆ. ನಾಣ್ಯ ಚಿಮ್ಮುತ್ತೇವೆ, ದಾಳ ಉರುಳಿಸುತ್ತೇವೆ. 52 ಎಲೆಗಳ ಕಟ್ಟಿನಿಂದ ಕೆಂಪು ರಾಜ ಬರುವ ಸಂಭವ 26ರಲ್ಲಿ 1 ಎಂದು ಬರೆದು ಅಂಕ ಪಡೆಯುತ್ತೇವೆ. ಜೂಜಿನ ಸಾಮಗ್ರಿಯೆಲ್ಲ ಮೇಜಿನ ಮೇಲಿದೆ, ಜೂಜಿನ ಮಾತು ಮಾತ್ರ ಇಲ್ಲ. ಆ ಕೆಂಪು ರಾಜನ ಮೇಲೆ ಒಂದು ರೂಪಾಯಿ ಕಟ್ಟಿದವನಿಗೆ 20 ರೂಪಾಯಿ ಕೊಡುತ್ತೇನೆಂದು ಒಬ್ಬ ಕರೆದರೆ ಹೋಗಬಹುದೆ ಎಂಬ ಒಂದೇ ಪ್ರಶ್ನೆಯನ್ನು ಸೇರಿಸಿದ್ದರೆ ಪಾಠ ಬದುಕಿಗೆ ಇಳಿಯುತ್ತಿತ್ತು. ಇನ್ನೊಂದು ಕಡೆ ನೀತಿಯ ಪಾಠದಲ್ಲಿ ಜೂಜು ಪಾಪವೆಂದು ಕೇಳುತ್ತೇವೆ. ದೀಪಾವಳಿಯ ರಾತ್ರಿ ಮನೆಮಂದಿಯೇ ಕುಳಿತು ಎಲೆ ಹಾಕುವುದನ್ನೂ ನೋಡುತ್ತೇವೆ. ಪಾಪವೆಂದಷ್ಟೇ ಕೇಳಿದ ಹುಡುಗ ಸೋತಾಗ ತನ್ನನ್ನು ಪಾಪಿಯೆಂದು ತಿಳಿದು ಮುಚ್ಚಿಡುತ್ತಾನೆ. ಲೆಕ್ಕವೆಂದು ತಿಳಿದವನಿಗೆ ಹೇಳಿಕೊಳ್ಳುವುದು ಸ್ವಲ್ಪ ಸುಲಭ.

ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಸಂಖ್ಯಾಶಾಸ್ತ್ರದವರು ವರ್ಷಕ್ಕೊಂದು ಗಂಟೆ ಇತಿಹಾಸ, ಕನ್ನಡ ವಿಭಾಗಗಳ ನಮ್ಮಂಥವರಿಗೂ ನೂರು ಬೀಜಗಳ ಈ ಲೆಕ್ಕವನ್ನು ಮಾಡಿ ತೋರಿಸಬೇಕು. ಆದರೆ ಅಷ್ಟಕ್ಕೇ ನಿಲ್ಲಿಸಬಾರದು. ಇಂಥ ಪಾಠಗಳಿಂದ ಮಕ್ಕಳ ತಿಳಿವಳಿಕೆ ಹೆಚ್ಚುತ್ತದೆ, ನಡತೆ ಬದಲಾಗುವುದು ಮಾತ್ರ ಅಷ್ಟು ಖಚಿತವಲ್ಲ ಎಂದು ಬೇರೆ ದೇಶಗಳ ಅನುಭವವೂ ಹೇಳುತ್ತದೆ; ನಮ್ಮ ಗೆಳೆಯನ ಅನುಭವವೂ ಅದೇ. ಮೂರು ಮಾತುಗಳನ್ನು ಬಾಯಿಪಾಠವಾಗುವಂತೆ ಹೇಳಿಕೊಡಬೇಕು: ಸಾಲದ ಹಣದಿಂದ ಆಡಕೂಡದು, ಹೋದುದನ್ನು ಹಿಂದಕ್ಕೆ ತರಲು ಆಡಕೂಡದು, ಮನೆಯವರಿಗೆ ಮುಚ್ಚಿಡುವಂತಾದ ದಿನವೇ ಇನ್ನೊಬ್ಬರಿಗೆ ಹೇಳಬೇಕು.

ಹೇಳುವುದು ಯಾರಿಗೆ ಎಂಬುದಕ್ಕೂ ಉತ್ತರವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲು ಮತ್ತು ಆನ್‌ಲೈನ್ ಆಟಗಳ ಚಟಕ್ಕೆ ಸಿಕ್ಕವರಿಗೆಂದೇ 2014ರಿಂದ ‘ಶಟ್’ ಎಂಬ ಚಿಕಿತ್ಸಾಲಯ ನಡೆಯುತ್ತಿದೆ. ಅಷ್ಟು ದೂರ ಹೋಗಲಾಗದವರಿಗೆ ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮನಸ್ ಇದೆ. ಸಂಖ್ಯೆ 14416, ಹಗಲು ರಾತ್ರಿ ಯಾವಾಗಲಾದರೂ ಕರೆಯಬಹುದು, ಕಾಸಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ನಮ್ಮ ಗೆಳೆಯ ಕೊನೆಗೆ ಕರೆದದ್ದು ಇದಕ್ಕೇ. ತಂದೆಗೆ ನಿಜ ಹೇಳಲು ಅವನಿಗೆ ಇನ್ನೂ ಮೂರು ವಾರ ಹಿಡಿಯಿತು. ಕೈಸಾಲ ತೀರಲು ಎರಡು ವರ್ಷ. ಆ ಸಂಖ್ಯೆಯನ್ನು ವಿದ್ಯಾರ್ಥಿನಿಲಯದ ಸೂಚನಾ ಫಲಕದಲ್ಲಿ ಬರೆಸಬೇಕೆಂದು ವಾರ್ಡನ್ನರನ್ನು ಕೇಳಿದೆವು. ಪರೀಕ್ಷೆಯ ವೇಳಾಪಟ್ಟಿಯ ಪಕ್ಕದಲ್ಲಿ ಜಾಗ ಕೊಟ್ಟಿದ್ದಾರೆ. ಬರೆದವನು ಅವನೇ, ಅಕ್ಷರ ನಮಗೆಲ್ಲರಿಗಿಂತ ದುಂಡಗಿದೆಯೆಂದು.